ಸಡಿಲವಾಗದ ಹಗ್ಗ

ನಾನು ಸೆಕೆಂಡ್‌ಹ್ಯಾಂಡ್ ಪುಟ್ಟ ಜೀಪು ಕೊಂಡ ಹೊಸತು. ಮಲ್ಲಿಪಟ್ಟಣದಲ್ಲಿ ಕೆಟ್ಟು ನಿಂತಿದ್ದ ಭಾವನ ಕಾರನ್ನು ಅದಕ್ಕೆ ಕಟ್ಟಿ ಹಾಸನಕ್ಕೆ ಎಳೆದು ತರಬೇಕಿತ್ತು.

"ಇಂಜಿನ್ ಗಟ್ಟಿ ಐತೆ ಸಾ, ಆದ್ರೆ ಗಾಡಿ ಅಗುರ," ಎಂದಿದ್ದ ಹಾಸನದ ಮೆಕ್ಯಾನಿಕ್ ಲಕ್ಕಣ್ಣ. "ಇಳಿಜಾರಲ್ಲಿ ಕಾರು ಬಂದು ಗುದ್ತದೆ. ಕಾರಲ್ಲಿ ಕೂತೋರು ಬ್ರೇಕ್ ಒತ್ತಿ ಹಗ್ಗ ಬಿಗಿಯಾಗಿ ಮಡಗಬೇಕು."

"ಈಗ ಬಂದೆ. ಕೂತ ಮೇಲೆ ಹಾರನ್ ಹೊಡೀತೀನಿ," ಎಂದು ಮಲ್ಲಿಪಟ್ಟಣದಲ್ಲಿ ಹಗ್ಗ ಕಟ್ಟಿ ಮುಗಿದ ಮೇಲೆ ಭಾವ ಅಂಗಡಿಗಳ ಕಡೆ ಹೋದರು.

ಹಾರನ್ ಕೇಳಿತು, ಹೊರಟೆ. ಕನ್ನಡಿಯಲ್ಲಿ ಕಾರಿನ ಗಾಜು ಬರೀ ಬಿಸಿಲಾಗಿ ಹೊಳೆಯುತ್ತಿತ್ತು, ಒಳಗೇನೂ ಕಾಣುತ್ತಿರಲಿಲ್ಲ. ಯಾವ ಇಳಿಜಾರಿನಲ್ಲೂ ಹಗ್ಗ ಸಡಿಲವಾಗಲಿಲ್ಲ. ತಿರುವು ಬಂದಾಗಲೆಲ್ಲ ಹಿಂದಿನಿಂದ ಹಾರನ್.

ಗ್ಯಾರೇಜಿನಲ್ಲಿ ಇಳಿದು ನೋಡಿದರೆ ಕಾರಿನಲ್ಲಿ ಯಾರೂ ಇಲ್ಲ. ಚಕ್ರ ಮುಟ್ಟಿದ ಲಕ್ಕಣ್ಣ ಕೈ ಎಳೆದುಕೊಂಡ. ಬ್ರೇಕು ಸುಡುತ್ತಿತ್ತು.

ಮುಂದಿನ ಬಸ್ಸಿಗೆ ಭಾವ ಬಂದರು, ಕೈಯಲ್ಲಿ ಬ್ಯಾಟರಿ.

"ಚಾರ್ಜಿಗೆ ಬಿಟ್ಟಿದ್ದನ್ನ ತರೋಷ್ಟರಲ್ಲಿ ಹೊರಟೇಬಿಟ್ಯಲ್ಲೋ ಕೇದಾರ."

ಕಾರಿನ ಬಾನೆಟ್ ಎತ್ತಿದೆ. ಬ್ಯಾಟರಿಯ ಜಾಗ ಖಾಲಿ ಇತ್ತು.