ವಕ್ರಕೇತುವಿನ ತೋಟದ ಹಂದರ

ಬಹಳ ಹಿಂದೆ, ಏಳು ಗುಡ್ಡಗಳ ಆಚೆ ಚಂದನಾವತಿ ಎಂಬ ರಾಜ್ಯವಿತ್ತು. ಅಲ್ಲಿ ಕಾಮೋಜನೆಂಬ ಬಡಗಿಯೂ ಅವನ ತಂಗಿ ಚಾಕವ್ವೆಯೂ ಇದ್ದರು. ಅಣ್ಣ ಮರದ ಕೆಲಸ ಮಾಡುತ್ತಿದ್ದ, ತಂಗಿ ಹೂವು ಮಾರುತ್ತಿದ್ದಳು. ಅಣ್ಣನಿಗೆ ಮಾತು ಕಡಿಮೆ. ಅವನ ಪಾಲಿನದನ್ನೂ ತಂಗಿಯೇ ಆಡುತ್ತಿದ್ದಳು.

ಊರಂಚಿನಲ್ಲಿ ವಕ್ರಕೇತು ಎಂಬ ಮಾಂತ್ರಿಕನ ತೋಟವಿತ್ತು. ಆ ತೋಟಕ್ಕೆ ನೀರು ಹೊಯ್ಯುವವರಿಲ್ಲ, ಗೊಬ್ಬರ ಹಾಕುವವರಿಲ್ಲ. ಒಂದು ಮಂತ್ರಕ್ಕೆ ಮೊಗ್ಗು, ಇನ್ನೊಂದಕ್ಕೆ ಹೂವು. ಒಂದು ಬೆಳಿಗ್ಗೆ ಅವನು ಚಾಕವ್ವೆಯನ್ನು ಕರೆದು ಬುಟ್ಟಿ ತುಂಬ ಮಲ್ಲಿಗೆ ತೋರಿಸಿ, "ಇಂಥದ್ದು ಎಂದಾದರೂ ಮಾರಿದ್ದೀಯಾ?" ಎಂದ.

ಅವಳು ಮೂಸಿ ನೋಡಿದಳು. "ವಾಸನೆಯೇ ಇಲ್ಲವಲ್ಲ ಸ್ವಾಮಿ. ಇದನ್ನು ಮುಡಿಯುವ ಬದಲು ಜಡೆಗೆ ಹತ್ತಿ ಅಂಟಿಸಿಕೊಳ್ಳಬಹುದು."

ಕೇಳಿದ್ದಕ್ಕೆ ಸರಕಿನ ಗುಣ ಹೇಳಿದಳು, ಅಷ್ಟೆ. ಆದರೆ ಅವನು ಕರೆದದ್ದು ಹೊಗಳಿಸಿಕೊಳ್ಳಲು. ಕೈ ಬೀಸಿದ. ಚಾಕವ್ವೆ ಮಲ್ಲಿಗೆ ಬಳ್ಳಿಯಾಗಿ ನೆಲಕ್ಕೆ ಬಿದ್ದಳು.

ಸುದ್ದಿ ತಿಳಿದು ಕಾಮೋಜ ಬಂದ. ಅಳಲಿಲ್ಲ, ಕಾಲು ಹಿಡಿಯಲಿಲ್ಲ. "ಏನು ಮಾಡಿದರೆ ಬಿಡುತ್ತೀರಿ?" ಎಂದು ಕೇಳಿದ.

ವಕ್ರಕೇತು ನಕ್ಕ. "ಏಳನೆಯ ದಿನ ಸಂಜೆ ಇವಳ ಮೊದಲ ಮೊಗ್ಗು ಅರಳುತ್ತದೆ. ನೆಲದ ಮೇಲೆ ಅರಳಿದರೆ ಇವಳು ಕೊನೆಯವರೆಗೂ ಬಳ್ಳಿ. ಅಷ್ಟರೊಳಗೆ ಇದೇ ಜಾಗದಲ್ಲಿ ಮರದ ಹಂದರ ಕಟ್ಟಿ ಮುಗಿಸು, ಇವಳನ್ನು ಮೇಲೆ ಹಬ್ಬಿಸು. ಆಗ ಕರೆದುಕೊಂಡು ಹೋಗು. ಮರ ಹುಲಿಗುಡ್ಡದ ಹೊನ್ನೆಯೇ ಆಗಬೇಕು. ಪೂರ್ತಿ ಕೈಕೆಲಸವಾಗಬೇಕು. ಕೆಲಸಕ್ಕೆ ಮಂತ್ರ ಸೋಕಿದರೆ, ಸೋಕಿಸಿದವನು ಸೋತಂತೆ."

"ಸೋತವನಿಗೆ?"

"ಕಲಿತ ವಿದ್ಯೆಯೆಲ್ಲ ಮರೆತುಹೋಗುತ್ತದೆ. ಉಳಿ ಯಾವ ಕಡೆಯಿಂದ ಹಿಡಿಯಬೇಕು ಅನ್ನುವುದೂ ನೆನಪಿರುವುದಿಲ್ಲ, ತಿಳಿಯಿತೇನೋ?"

ಇಬ್ಬರೂ ಬೆಂಕಿಯ ಮೇಲೆ ಕೈ ಚಾಚಿ ಆಣೆ ಮಾಡಿದರು. ಕಾಮೋಜ ಕೊಡಲಿ ಹೆಗಲಿಗೆ ಹಾಕಿಕೊಂಡು ಹೊರಟ.

ಹುಲಿಗುಡ್ಡವನ್ನು ಕಾಯುತ್ತಿದ್ದುದು ಕಲ್ಲುಮೈಯ ಹುಲಿ. ಅದು ಒಂದು ಮರಕ್ಕೆ ಬೆನ್ನು ತಿಕ್ಕುತ್ತ ನಿಂತಿತ್ತು. "ಹೊನ್ನೆ ಬೇಕೇನೋ? ನಾನು ಬಾಲ ಬಡಿದರೆ ನಾಲ್ಕು ಕಂಬ ಬೀಳುತ್ತವೆ. ಬಡಗಿ ತೋಪಡ ಹಿಡಿದು ಹೆರೆದ ಹಾಗೆ ನುಣುಪು. ಹೊತ್ತುಕೊಂಡು ಹೋಗು."

"ಬೇಡ. ನಿಂತ ಮರವನ್ನು ನಾನೇ ಕಡಿದುಕೊಳ್ಳುತ್ತೇನೆ."

"ಹಾಗಾದರೆ ನಿನ್ನನ್ನು ತಿನ್ನುತ್ತೇನೆ."

"ತಿನ್ನು. ಆಮೇಲೆ ಬೆನ್ನು ಕೆರೆಯುವವರು ಯಾರು?"

ಹುಲಿ ತಿಕ್ಕುವುದನ್ನು ಬಿಟ್ಟು ಅವನತ್ತ ತಿರುಗಿತು. ಮುನ್ನೂರು ವರ್ಷದ ತುರಿಕೆ. ಕಲ್ಲಿನ ಮೈ ತಿಕ್ಕಿ ತಿಕ್ಕಿ ಗುಡ್ಡದ ಮರಗಳೆಲ್ಲ ನುಣ್ಣಗಾಗಿದ್ದವು, ತುರಿಕೆ ಮಾತ್ರ ಹೋಗಿರಲಿಲ್ಲ. ಕಾಮೋಜ ಮೊದಲ ಮರವನ್ನು ಹುಲಿಯ ಬೆನ್ನೆತ್ತರಕ್ಕೆ ಸರಿಯಾಗಿ ಕಡಿದು, ಉಳಿದ ಮೋಟಿನ ಮೇಲೆ ಬಾಚಿಯಿಂದ ಅಡ್ಡಡ್ಡ ಕಚ್ಚು ಹಾಕಿದ. ಹುಲಿ ಬೆನ್ನು ಒಡ್ಡಿತು. ಕಣ್ಣು ಮುಚ್ಚಿತು.

"ಇನ್ನೊಂದು ಕಚ್ಚು ಕೆಳಗೆ ಹಾಕಪ್ಪಾ," ಎಂದಿತು. "ಹ್ಞಾ. ಅಲ್ಲೇ. ಎಷ್ಟು ಮರ ಬೇಕೋ ಕಡಿದುಕೋ."

ಎರಡು ದಿನ ಅಲ್ಲಿಗೆ ಕಳೆಯಿತು.

ಗುಡ್ಡದ ಕೆಳಗೆ ಹೊಳೆ. ಅದು ಒಂದು ದಿನ ಮೇಲಕ್ಕೆ ಹರಿಯುತ್ತಿತ್ತು, ಮರುದಿನ ಕೆಳಕ್ಕೆ. ಹೊಳೆಯಲ್ಲಿ ಚಿನ್ನದ ಹಲ್ಲಿನ ಮೊಸಳೆ. "ಹಸಿ ಹೊನ್ನೆ ನೀರಿಗೆ ಹಾಕಿದರೆ ಮುಳುಗುತ್ತದಲ್ಲ ಮಾರಾಯ. ಕಣ್ಣು ಮುಚ್ಚು. ತೆಗೆಯುವುದರೊಳಗೆ ಎಲ್ಲ ಆಚೆ ದಡದಲ್ಲಿರುತ್ತದೆ."

"ಏನು ಕೊಡಬೇಕು?"

"ಏನೂ ಇಲ್ಲ. ಪುಕ್ಕಟೆ."

ಪುಕ್ಕಟೆ ಎಂದದ್ದೇ ಕಾಮೋಜ ಎರಡು ಹೆಜ್ಜೆ ಹಿಂದೆ ಸರಿದ. ದಡದಲ್ಲಿ ಒಣಗಿ ನಿಂತಿದ್ದ ಬಿದಿರು ಕಡಿದು, ಪ್ರತಿ ದಿಮ್ಮಿಯ ಎರಡೂ ಪಕ್ಕಕ್ಕೆ ಬಿಗಿದು, ತೆಪ್ಪ ಮಾಡಿ ಕಾದು ಕೂತ. ಹರಿವು ದಿಕ್ಕು ಬದಲಿಸುವಾಗ ನೀರು ಸ್ವಲ್ಪ ಹೊತ್ತು ನಿಲ್ಲುತ್ತದೆ. ನಿಂತ ನೀರಿನಲ್ಲಿ ಜಲ್ಲೆ ಊರಿಕೊಂಡು ದಾಟಿದ. ಮೊಸಳೆ ಪಕ್ಕದಲ್ಲೇ ಈಜುತ್ತ, "ಒಂದೇ ಒಂದು ಗಂಟು ಸಡಿಲವಾಗಿದ್ದರೆ ನನಗೆ ಊಟವಾಗುತ್ತಿತ್ತು," ಎಂದು ಬೇಸರಪಟ್ಟಿತು.

ಅಲ್ಲಿಗೆ ನಾಲ್ಕು ದಿನ.

ಐದನೆಯ ದಿನ ಕಾಮೋಜ ಗುಂಡಿ ತೋಡಿದ. ಗೆದ್ದಲು ಹಿಡಿಯದಂತೆ ಕಂಬಗಳ ಬುಡ ಸುಟ್ಟು ಕಪ್ಪು ಮಾಡಿ ನೆಟ್ಟ. ನೂಲಿಗೆ ಗುಂಡು ಕಟ್ಟಿ ಇಳಿಬಿಟ್ಟು, ನಾಲ್ಕೂ ನೆಟ್ಟಗಿವೆಯೇ ಎಂದು ಎರಡೆರಡು ಸಲ ನೋಡಿದ. ಆರನೆಯ ದಿನ ತೊಲೆಗಳ ತುದಿಯನ್ನು ನಾಲಿಗೆಯ ಹಾಗೆ ಕೆತ್ತಿ ಕಂಬದ ತೂತುಗಳಿಗೆ ಕೂರಿಸಿದ. ಕಬ್ಬಿಣ ಬಳಸಲಿಲ್ಲ. ಒಣ ಬಿದಿರಿನ ಮೊಳೆ ಬಡಿದ. ಹಸಿ ಮರ ಒಣಗುತ್ತ ಕುಗ್ಗಿ ಒಣ ಮೊಳೆಯನ್ನು ಕಚ್ಚಿ ಹಿಡಿಯುತ್ತದೆ; ವರ್ಷ ಕಳೆದಷ್ಟೂ ಗಟ್ಟಿ. ಏಳನೆಯ ದಿನ ಅಡ್ಡಪಟ್ಟಿಗಳನ್ನು ಏರಿಸಿದ.

ಮಧ್ಯಾಹ್ನ ಒಂದು ನೀಲಿ ಗಿಳಿ ಬಂದು ಕಂಬದ ಮೇಲೆ ಕೂತಿತು. ಕೊಕ್ಕಿನಲ್ಲಿ ಒಂದು ಹನಿ ನೀರು ಹೊಳೆಯುತ್ತಿತ್ತು. "ಈ ಹನಿ ಬುಡಕ್ಕೆ ಬಿದ್ದರೆ ಬಳ್ಳಿ ತಾನೇ ಎದ್ದು ಹಬ್ಬುತ್ತದೆ. ಹಾಕಲೇ?"

ಬಳ್ಳಿಯೊಳಗಿನಿಂದ ಚಾಕವ್ವೆ ಕೂಗಿದಳು: "ಹಾಕಿಸೋ ಅಣ್ಣಾ! ಮೈಯೆಲ್ಲ ಇರುವೆ ಹತ್ತಿದೆ!"

"ಹಾಕಿಸಿದರೆ ಇರುವೆ ಜೊತೆಗೇ ಬಾಳಬೇಕಾಗುತ್ತೆ. ಸುಮ್ಮನಿರು."

ಗಿಳಿಯನ್ನು ಓಡಿಸಿ, ಅವನು ಬಳ್ಳಿಯನ್ನು ಎಳೆಎಳೆಯಾಗಿ ಬಿಡಿಸಿ ಮೇಲೆತ್ತಿದ. ಬಾಳೆನಾರಿನಿಂದ ಸಡಿಲವಾಗಿ ಕಟ್ಟಿದ.

"ಮೆಲ್ಲಗೆ! ಅದು ನನ್ನ ಜಡೆ."

"ಎಲ್ಲಾ ಒಂದೇ ಥರ ಕಾಣುತ್ತೆ."

"ನಿನ್ನ ಕಣ್ಣಿಗೆ ಮರ ಬಿಟ್ಟು ಬೇರೇನು ಕಂಡಿದೆ?"

ಬಿಸಿಲು ಇಳಿಯಿತು. ಬಳ್ಳಿ ಹಂದರದ ಮೇಲಿತ್ತು, ಮೊಗ್ಗು ಬಿರಿಯಲು ಬಂದಿತ್ತು. ಬಡಿಯಲು ಇನ್ನೊಂದೇ ಮೊಳೆ ಉಳಿದಿತ್ತು. ಅಷ್ಟರಲ್ಲಿ ವಕ್ರಕೇತು ಬಂದ. ಹಂದರ ನೋಡಿ ಅವನ ಮುಖ ಕಪ್ಪಿಟ್ಟಿತು.

"ಹಂದರ ಯಾರ ತೋಟದಲ್ಲಿದೆ?" ಎಂದ.

"ನಿಮ್ಮದರಲ್ಲಿ."

"ಹಾಗಾದರೆ ಹಂದರ ನನ್ನದು. ಮೇಲಿರುವ ಬಳ್ಳಿಯೂ ನನ್ನದೇ."

ಕಾಮೋಜ ವಾದ ಮಾಡಲಿಲ್ಲ. ಕೊಡತಿಯನ್ನು ಹಿಡಿಕೆ ಮುಂದಾಗಿ ಅವನತ್ತ ಚಾಚಿದ. "ಆಗಲಿ ಯಜಮಾನರೇ. ನಮ್ಮ ಬಡಗಿಗಳಲ್ಲಿ ಒಂದು ರೂಢಿ. ಕಡೆಯ ಮೊಳೆ ಬಡಿಯುವವನೇ ಒಡೆಯ. ನಿಮ್ಮದಾದರೆ ನೀವು ಬಡಿಯಿರಿ. ಇಲ್ಲವಾದರೆ ನಾನು ಬಡಿಯುತ್ತೇನೆ, ಹಂದರ ನನ್ನದಾಗುತ್ತದೆ."

"ಕೊಡು ಇಲ್ಲಿ!" ವಕ್ರಕೇತು ಕೊಡತಿ ಕಿತ್ತುಕೊಂಡು ಬಡಿದ. ಮೊಳೆ ಸೀಳಿಹೋಯಿತು. ಕಾಮೋಜ ಇನ್ನೊಂದು ಕೊಟ್ಟ. ಎರಡನೆಯ ಏಟು ಮಾಂತ್ರಿಕನ ಹೆಬ್ಬೆರಳಿಗೆ ಬಿತ್ತು.

ಬಳ್ಳಿ ಕಿಲಕಿಲ ನಕ್ಕಿತು. "ಸ್ವಾಮಿ, ಮೊಳೆ ಎಡಕ್ಕಿದೆ!"

ವಕ್ರಕೇತು ಹಲ್ಲು ಕಡಿದ. ಬೆರಳು ಬಾತುಕೊಳ್ಳುತ್ತಿತ್ತು, ಮೊಗ್ಗು ಬಿರಿಯುತ್ತಿತ್ತು. ಮೂರನೆಯ ಸಲ ಕೊಡತಿ ಎತ್ತಿದವನು ತುಟಿಯೊಳಗೇ ಏನೋ ಗೊಣಗಿದ. ಕೊಡತಿ ತಾಗುವ ಮೊದಲೇ ಮೊಳೆ ಬೆಣ್ಣೆಗೆ ಇಳಿದಂತೆ ಒಳಗೆ ಹೋಯಿತು.

"ಸ್ವಾಮಿ," ಎಂದ ಕಾಮೋಜ, "ಅದು ಕೈಕೆಲಸವೇ?"

ಉತ್ತರ ಕೊಡಲು ವಕ್ರಕೇತು ಬಾಯಿ ತೆರೆದ. ಶಾಪ ಹಾಕಬೇಕೆಂದುಕೊಂಡ, ಶಾಪದ ಮೊದಲ ಅಕ್ಷರವೇ ನೆನಪಾಗಲಿಲ್ಲ. ಎರಡನೆಯದು ಹುಡುಕಿದ, ಅದೂ ಇರಲಿಲ್ಲ. ಬೆಂಕಿಯ ಮೇಲಿನ ಆಣೆ ಇಬ್ಬರದೂ ಆಗಿತ್ತು. ಅವನು ಊದಿದ ಬೆರಳು ಹಿಡಿದುಕೊಂಡ ಒಬ್ಬ ಸಾಮಾನ್ಯ ಮುದುಕನಾಗಿ ನಿಂತ.

ತೋಟ ಅಲ್ಲಾಡಿತು. ಸಂಪಿಗೆಯ ಮರವಾಗಿದ್ದವನು ಮತ್ತೆ ಕುಂಬಾರನಾದ, ಕಣಗಿಲೆಯಾಗಿದ್ದ ಇಬ್ಬರು ನೇಕಾರರಾದರು, ದಾಸವಾಳದ ಬೇಲಿಯಾಗಿದ್ದ ಹದಿನಾಲ್ಕು ಜನ ಒಬ್ಬರನ್ನೊಬ್ಬರು ತಳ್ಳಿಕೊಂಡು ಎದ್ದು ನಿಂತರು. ಮಲ್ಲಿಗೆಯ ಮೊಗ್ಗು ಅರಳಿತು. ಹಂದರದ ಮೇಲೆ, ಅಡ್ಡಪಟ್ಟಿಗಳ ನಡುವೆ ಕಾಲು ಇಳಿಬಿಟ್ಟುಕೊಂಡು, ಚಾಕವ್ವೆ ಕೂತಿದ್ದಳು.

"ಏಣಿ ಎಲ್ಲೋ ಅಣ್ಣಾ?"

"ಏಣಿ ಮಾಡಬೇಕು ಅಂತ ಷರತ್ತಿನಲ್ಲಿ ಇರಲಿಲ್ಲ."

"ಹಾಗಾದರೆ ಹೆಗಲು ಕೊಡು, ಬಾ."

ಅವನು ಬಂದು ಹೆಗಲು ಕೊಟ್ಟ. ಅವಳು ಇಳಿದಳು. ಹಂದರ ಒಂದಿಷ್ಟೂ ಕಿರುಗುಟ್ಟಲಿಲ್ಲ. ಅದನ್ನು ಮೊದಲು ಗಮನಿಸಿ, ಆಮೇಲೆ ಕಾಮೋಜ ತಂಗಿಯ ಮುಖ ನೋಡಿದ. ಆಮೇಲಿಂದ ಅಣ್ಣ ತಂಗಿ ಬಹಳ ಕಾಲ ಸುಖವಾಗಿ, ಅಂದರೆ ದಿನಕ್ಕೆರಡು ಜಗಳ ಆಡಿಕೊಂಡು ಬಾಳಿದರು. ಚಂದನಾವತಿಯ ಉಳಿದವರೂ ಹಾಗೆಯೇ.