ಬೂಟಿನೊಳಗಿನ ಕೆಮ್ಮಣ್ಣು

ಬೆಳಿಗ್ಗೆ 7.20ಕ್ಕೆ ಹಾಳು ದೇಗುಲಗಳ ಕಾವಲುಗಾರ ಠಾಣೆಗೆ ಓಡಿಬಂದ. ಮೆಟ್ಟಿಲುಬಾವಿಯ ತಳದಲ್ಲಿ ಪ್ರವಾಸಿಯೊಬ್ಬರು ಬಿದ್ದಿದ್ದಾರೆ, ಉಸಿರಾಡುತ್ತಿದ್ದಾರೆ, ರಾತ್ರಿಯಿಡೀ ಒಳಗೇ ಇದ್ದರು ಎಂದ. ಹಿಂದಿನ ಸಂಜೆ 5.30ಕ್ಕೆ ಬಾವಿಯ ಗೇಟಿಗೆ ಬೀಗ ಹಾಕಿದವನು ತಾನೇ ಎಂದೂ ಹೇಳಿದ. ಹೇಳದೆ ವಿಧಿಯಿರಲಿಲ್ಲ. ಬೀಗದ ಕೈ ಅವನ ಸೊಂಟದಲ್ಲೇ ನೇತಾಡುತ್ತಿತ್ತು.

9.40ಕ್ಕೆ ಇನ್ಸ್‌ಪೆಕ್ಟರ್ ಆಸ್ಪತ್ರೆಯಲ್ಲಿ ಗಾಯಾಳುವಿನ ಹೇಳಿಕೆ ಪಡೆದರು. ಆತ ದೂರದ ಶಾಲೆಯೊಂದರ ಡ್ರಾಯಿಂಗ್ ಮೇಷ್ಟ್ರು. ಸೊಂಟದ ಮೂಳೆ ಮುರಿದಿತ್ತು. ಮಂಚದ ಪಕ್ಕದ ಚೀಲದಲ್ಲಿ ನೋಟ್‌ಬುಕ್ಕು, ಪೆನ್ಸಿಲು, ಉದ್ದನೆಯ ಅಳತೆ ಟೇಪು.

"ಮೇಲೆ ಬಂದೆ, ಗೇಟು ಹಾಕಿತ್ತು. ಕೂಗಿದೆ, ಯಾರೂ ಬರಲಿಲ್ಲ. ಸುತ್ತ ಬರೀ ಕಲ್ಲು, ಫೋನಿಗೆ ಸಿಗ್ನಲ್ ಇಲ್ಲ. ಬೇರೆ ದಾರಿ ಇದೆಯೇನೋ ಅಂತ ಕತ್ತಲಲ್ಲಿ ಇಳಿದೆ. ಜಾರಿತು."

ಫಿರ್ಯಾದಿನ ಮೇಲೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಜಾಗದಲ್ಲಿ ಕಾವಲುಗಾರ. ಅವನ ಕೆಲಸ ಎರಡು ತಿಂಗಳಲ್ಲಿ ಕಾಯಂ ಆಗುವುದಿತ್ತು. ಈಗ ಕೆಲಸವಷ್ಟೇ ಅಲ್ಲ, ಜೈಲಿನ ಮಾತು.

"ಇಳಿದು ನೋಡದೆ ಬೀಗ ಹಾಕಿದೆಯಲ್ಲೋ?" ಎಂದು ಇನ್ಸ್‌ಪೆಕ್ಟರ್ ಅವನನ್ನು ಕೇಳಿದರು.

"ತೊಂಬತ್ತೆರಡು ಮೆಟ್ಟಿಲು ಸಾರ್. ನನ್ನ ಮಂಡಿ ಹೋಗಿ ಆರು ವರ್ಷ ಆಯ್ತು. ಪಾಚಿ ಜಾರುತ್ತೆ ಅಂತ ಎಲ್ಲರ ಚಪ್ಪಲಿ, ಬೂಟು ಗೇಟಲ್ಲೇ ಬಿಡಿಸ್ತೀನಿ. ಸಂಜೆ ಅಲ್ಲಿ ಏನೂ ಇಲ್ಲ ಅಂದ್ರೆ ಒಳಗೆ ಯಾರೂ ಇಲ್ಲ ಅಂತ ಲೆಕ್ಕ. ನಿನ್ನೆ ಏನೂ ಇರಲಿಲ್ಲ. ದೇವರಾಣೆಗೂ ಇರಲಿಲ್ಲ."

"ಬೆಳಿಗ್ಗೆ?"

"ಏಳಕ್ಕೆ ಬಂದ್ರೆ ಕಪ್ಪು ಬೂಟು, ಜೋಡಿಸಿಟ್ಟ ಹಾಗೆ. ಬೀಗ ತೆಗೆದು, ಮಂಡಿ ಹಿಡ್ಕೊಂಡೇ ಕೆಳಗಿಳಿದೆ."

"ಬೂಟಿಗೆ ಕಾಲು ಬಂದು ವಾಕಿಂಗ್ ಹೋಗಿತ್ತೇನೋ," ಎಂದ ಹೆಡ್ ಕಾನ್‌ಸ್ಟೆಬಲ್.

11.30ಕ್ಕೆ ಬಾವಿಯ ಬಳಿ ಪಂಚನಾಮೆ ಶುರುವಾಯಿತು. ಸುತ್ತಲೂ ಕಪ್ಪು ಕಲ್ಲಿನ ಹಾಸು, ತಲೆಯಿಲ್ಲದ ಕಂಬಗಳು. ಮಹಿಳಾ ಕಾನ್‌ಸ್ಟೆಬಲ್ ಬೂಟನ್ನು ಕಾಗದದ ಮೇಲೆ ಬೋರಲು ಹಿಡಿದಳು. ಎರಡು ಚಮಚದಷ್ಟು ಮಣ್ಣು ಸುರಿಯಿತು.

"ಬೂಟಲ್ಲಿ ಮಣ್ಣಿರದೆ ಮಲ್ಲಿಗೆ ಇರುತ್ತೇನಮ್ಮ?" ಎಂದ ಹೆಡ್.

"ಅಡಿಯಲ್ಲಿದ್ದರೆ ಸರಿ ಸಾರ್. ಇದು ಒಳಗಿದೆ. ಕೆಮ್ಮಣ್ಣು, ಹೊಟ್ಟು ಬೆರೆಸಿದ್ದು. ಗೋಡೆ ಮೆತ್ತೋ ಮಣ್ಣು."

ಇನ್ಸ್‌ಪೆಕ್ಟರ್ ತಲೆಯೆತ್ತಿ ಸುತ್ತ ನೋಡಿದರು. ಊರಿನವರೆಲ್ಲ ಹೊಸ ಬಡಾವಣೆಗೆ ಹೋಗಿ ವರ್ಷಗಳಾಗಿದ್ದವು. ದೇಗುಲದ ಪೌಳಿಗೆ ಒರಗಿ ಒಂದೇ ಒಂದು ಮಣ್ಣಿನ ಮನೆ ಉಳಿದಿತ್ತು. ಅದರ ಮುಂದೆ ಪ್ರವಾಸಿಗಳಿಗೆ ಟೀ ಕಾಯಿಸುವ ಒಲೆ. ಎಲ್ಲರೂ ಟೀ ಅಕ್ಕ ಎನ್ನುವ ಹೆಂಗಸು ಅಲ್ಲಿ ತನ್ನ ಅತ್ತೆಯೊಂದಿಗೆ ಇದ್ದಳು.

"ಅಕ್ಕನ ತಂಟೆಗೆ ಹೋಗ್ಬೇಡಿ ಸಾರ್," ಎಂದ ಕಾವಲುಗಾರ. "ದಿನಾ ನಂಗೆ ಟೀ ಕೊಡೋಳು ಅವಳೇ."

3.50ಕ್ಕೆ ವಾರಂಟಿನೊಂದಿಗೆ ಒಳಹೊಕ್ಕರು. ಕಾವಲುಗಾರ ಬಾಗಿಲಲ್ಲೇ ನಿಂತ. ಒಂದೇ ಕೋಣೆ. ದಕ್ಷಿಣದ ಗೋಡೆ ಹೊಟ್ಟೆ ಉಬ್ಬಿಸಿ ಒಳಕ್ಕೆ ಬಾಗಿತ್ತು. ಎರಡು ಮರದ ತುಂಡು ಆನಿಸಿದ್ದರು. ಅದರ ಬುಡದಲ್ಲೇ ಮಂಚ, ಮಂಚದ ಮೇಲೆ ಕಾಲು ಬಿದ್ದುಹೋದ ಅತ್ತೆ. ಮಂಚ ಬೇರೆಲ್ಲೂ ಹಿಡಿಸುವಂತಿರಲಿಲ್ಲ.

"ಗೋಡೆ ನೋಡೋಕೆ ಬಂದ್ರಾ? ಕೊನೆಗೂ ಬಂದ್ರಲ್ಲಪ್ಪ," ಎಂದಳು ಮುದುಕಿ.

ಮಹಿಳಾ ಕಾನ್‌ಸ್ಟೆಬಲ್ ಮಂಚದ ಕೆಳಗೆ ಟಾರ್ಚ್ ಬಿಟ್ಟಳು. ನೆಲದ ತುಂಬ ಉದುರಿದ ಕೆಮ್ಮಣ್ಣು. ನಡುವೆ ಅಕ್ಕಪಕ್ಕ ಎರಡು ಬೂಟಿನ ಅಚ್ಚಿನಷ್ಟು ಜಾಗ ಮಾತ್ರ ಚೊಕ್ಕಟವಾಗಿತ್ತು.

ಇನ್ಸ್‌ಪೆಕ್ಟರ್ ಕೇಳಿದರು: "ಬೂಟು ಎಷ್ಟು ಹೊತ್ತಿಗೆ ತಂದೆ?"

ಟೀ ಅಕ್ಕ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ಐದೂಕಾಲು."

"ವಾಪಸ್ ಇಟ್ಟಿದ್ದು?"

"ಬೆಳಕು ಹರಿಯೋವಾಗ. ಇವನು ಬಂದ ತಕ್ಷಣ ನೋಡಿ ಬಾಗಿಲು ತೆಗೀಲಿ ಅಂತ."

"ಕೂಗು ಕೇಳಿಸ್ತಾ?"

"ಗೋಡೆಯಾಚೆಗೇ ಬಾವಿ. ಕೇಳಿಸದೆ ಏನು? ಎಂಟರ ತನಕ ಕೂಗಿದ್ರು. ಆಮೇಲೆ ಸುಮ್ಮನಾದ್ರು. ನಿದ್ದೆ ಬಂತೇನೋ ಅಂದ್ಕೊಂಡೆ."

"ಯಾಕೆ ಮಾಡಿದೆ?"

ಅವಳು ಟ್ರಂಕಿನಿಂದ ಕಾಗದಗಳ ಕಟ್ಟು ತೆಗೆದು ಚಾಪೆಯ ಮೇಲೆ ಹಾಕಿದಳು. ಗೋಡೆ ರಿಪೇರಿಗೆ ಅನುಮತಿ ಕೇಳಿ ಹನ್ನೊಂದು ವರ್ಷ ಬರೆದ ಅರ್ಜಿಗಳು. ಪ್ರತಿಯೊಂದಕ್ಕೂ ಒಂದೇ ಉತ್ತರ: ಸಂರಕ್ಷಿತ ಪ್ರದೇಶ, ಒಂದು ಇಟ್ಟಿಗೆಯನ್ನೂ ಮುಟ್ಟುವಂತಿಲ್ಲ. ಮಾರಲು ಹೋದರೆ ಕೊಳ್ಳುವವರಿಲ್ಲ. ಮೇಲಿನ ಕಾಗದ ಹೋದ ವಾರದ್ದು: ಅಳತೆಗೆ ಅಧಿಕಾರಿ ಬರುತ್ತಾರೆ, ಮನೆ ಖಾಲಿ ಮಾಡಿಕೊಡಬೇಕು.

"ಅಡಕತ್ತರಿಗೆ ಸಿಕ್ಕ ಅಡಿಕೆ ಆಗಿದೀವಿ ಸಾರ್. ನಿನ್ನೆ ಅವನು ಟೇಪು ಹಿಡ್ಕೊಂಡು ಕಲ್ಲು ಕಲ್ಲು ಅಳೀತಿದ್ದ. ಬರ್ಕೋತಿದ್ದ. ಒಂದು ರಾತ್ರಿ ಇದೇ ಕಲ್ಲುಗಳ ಮಧ್ಯೆ ಇದ್ದು ನೋಡ್ಲಿ ಅನ್ನಿಸ್ತು. ಬೀಳಲಿ ಅಂತ ಅಲ್ಲ."

"ಅವರು ಅಧಿಕಾರಿ ಅಲ್ಲಮ್ಮ. ಡ್ರಾಯಿಂಗ್ ಮೇಷ್ಟ್ರು. ಬಾವಿ ನೋಡೋಕೆ ಬಂದಿದ್ರು."

"ಮತ್ತೆ ಆ ಟೇಪು?"

"ಮಕ್ಕಳ ಕೈಲಿ ಬಾವಿ ಚಿತ್ರ ಬರೆಸೋಕೆ."

ಅವಳು ಬಾಗಿಲಲ್ಲಿ ನಿಂತಿದ್ದ ಕಾವಲುಗಾರನ ಮುಖ ನೋಡಲು ಹೋಗಿ ನೋಡದೆ ಬಿಟ್ಟಳು. "ನಿನ್ನ ಮೇಲೆ ಬರುತ್ತೆ ಅಂತ ಹೊಳೀಲಿಲ್ಲ ಕಣೋ," ಎಂದಳು ನೆಲಕ್ಕೆ.

"ದಿನಾ ಟೀ ಕೊಡ್ತಾ ಚಪ್ಪಲಿ ಎಣಿಸೋದು ನೋಡ್ತಿದ್ದೆ ನೀನು," ಎಂದ ಅವನು. ಆಮೇಲೆ ಹೆಡ್ ಕಾನ್‌ಸ್ಟೆಬಲ್ ಕಡೆ ತಿರುಗಿದ. "ಮುದುಕಮ್ಮನ್ನ ನಮ್ಮನೆಗೆ ಸಾಗಿಸ್ಬೇಕು. ಮಂಚಕ್ಕೆ ಒಂದು ಕೈ ಹಾಕಿ ಸಾರ್."

ಹೆಂಗಸನ್ನು ಸೂರ್ಯ ಮುಳುಗಿದ ಮೇಲೆ ಬಂಧಿಸುವಂತಿಲ್ಲ. ಇನ್ಸ್‌ಪೆಕ್ಟರ್ ಗಡಿಯಾರ ನೋಡಿ ಅವಸರಪಡಿಸಿದರು. ಮಹಿಳಾ ಕಾನ್‌ಸ್ಟೆಬಲ್ ಸ್ಥಳ ಪಂಚನಾಮೆ ಬರೆದು, ಪಂಚರ ಮುಂದೆ ಗಟ್ಟಿಯಾಗಿ ಓದಿದಳು: "...ಮನೆಯ ದಕ್ಷಿಣ ಗೋಡೆ ಒಳಕ್ಕೆ ಬಾಗಿದ್ದು, ಮೂರು ಕಡೆ ಬಿರುಕು ಬಿಟ್ಟಿದ್ದು, ಯಾವುದೇ ಕ್ಷಣದಲ್ಲಿ ಕುಸಿಯುವ ಸ್ಥಿತಿಯಲ್ಲಿದೆ..."

"ಇದಕ್ಕೆ ಸರ್ಕಾರದ ಮೊಹರು ಬೀಳುತ್ತಾ?" ಎಂದು ಟೀ ಅಕ್ಕ ಕೇಳಿದಳು.

"ಬೀಳುತ್ತೆ."

"ಆ ಸಾಲು ಇನ್ನೊಂದ್ಸಲ ಓದಿ."

ಕಾನ್‌ಸ್ಟೆಬಲ್ ಇನ್ಸ್‌ಪೆಕ್ಟರ್ ಮುಖ ನೋಡಿದಳು. ಅವರು ತಲೆಯಾಡಿಸಿದರು. ಅವಳು ಮತ್ತೆ ಓದಿದಳು. 5.35ಕ್ಕೆ ಬಂಧನ ದಾಖಲಾಯಿತು.