ಬಾಲವಿದ್ದ ರಿಂಗು

ಚಳಿ ಶುರುವಾಗಿತ್ತು. ಸಮುದ್ರದ ನೀರು ಇಳಿದು ಮನೆಯ ಹಿಂದಿನ ಕೆಸರು ಬಯಲು ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು. ದೂರದಿಂದ ಹಾರಿ ಬಂದ ಹಕ್ಕಿಗಳು ಕೊಕ್ಕು ಚುಚ್ಚುತ್ತ ಓಡಾಡುತ್ತಿದ್ದವು.

ಹಿಂಬಾಗಿಲ ಮೆಟ್ಟಿಲ ಮೇಲೆ ಅಜ್ಜಿ ಹರಿದ ಬಲೆಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಸರಿಮಾಡುತ್ತಿದ್ದಳು. ಸ್ಕೂಲಿಗೆ ರಜೆ ಇದ್ದಾಗಲೆಲ್ಲ ಮೊಮ್ಮಗಳೂ ಪಕ್ಕದಲ್ಲಿ ಕೂತು ಗಂಟು ಹಾಕಲು ಕಲಿಯುತ್ತಿದ್ದಳು. ಕಲಿಯುವುದೆಂದರೆ, ಅವಳು ಕಟ್ಟುವುದು, ಅಜ್ಜಿ ಕತ್ತರಿಸುವುದು.

"ಇದೇನೇ ಚೂಟಿ, ಗಂಟೋ ಗೋಜಲೋ?"

"ಗಂಟೇ ಅಜ್ಜಿ. ಬಿಚ್ಚಿಕೊಳ್ಳಬಾರದು ಅಂತ ಯಾವಾಗಿನ ಹಾಗೇ ಎರಡು ಸುತ್ತು ಜಾಸ್ತಿ ಹಾಕಿದೀನಿ."

"ಇದನ್ನ ನೋಡಿ ಮೀನು ನಕ್ಕೇ ಸಾಯುತ್ತೆ. ಬಲೆ ಯಾಕೆ ಬೇಕು?"

ಅಜ್ಜಿ ಗಂಟನ್ನು ನೀಲಿ ನೈಲಾನ್ ದಾರದ ಸಮೇತ ಕತ್ತರಿಸಿ, ಎಂದಿನಂತೆ ಕೆಸರಿಗೆ ಎಸೆದಳು. ನೀರು ಬಂದಾಗ ಹೊತ್ತುಕೊಂಡು ಹೋಗುತ್ತದೆ.

ಅಷ್ಟರಲ್ಲಿ ಏಡಿ ಮಾಮ ಬುಟ್ಟಿ ಹಿಡಿದು ಬಂದ. ಏಡಿ ಮಾರುವುದರಿಂದ ಅವನಿಗೆ ಆ ಹೆಸರು.

"ಮಾಮ, ಆ ಪುಟ್ಟ ಹಕ್ಕಿ ಕುಂಟ್ತಿದೆ ನೋಡು."

"ಅದರ ಕಾಲಲ್ಲಿ ನೀಲಿ ರಿಂಗಿದೆ ಕಣೇ. ಹೋದ ವರ್ಷ ಹಕ್ಕಿ ಸ್ಟಡಿ ಮಾಡೋ ಸರ್ ಬಂದಿದ್ರಲ್ಲ, ಹಕ್ಕಿ ಎಲ್ಲೆಲ್ಲಿ ಹೋಗುತ್ತೆ ಅಂತ ತಿಳಿಯೋಕೆ ರಿಂಗ್ ಹಾಕ್ತಾರಂತೆ. ಅಂಥದ್ದನ್ನ ಮುಟ್ಟಬೇಡಿ ಅಂದಿದ್ರು."

"ರಿಂಗ್ ಹಾಕಿದ್ರೆ ಕುಂಟುತ್ತಾ?"

"ಹೊಸ ಶೂ ಹಾಕ್ಕೊಂಡ್ರೆ ನೀನು ಕುಂಟಲ್ವಾ?"

ಚೂಟಿ ನಗಲಿಲ್ಲ. ಮೆಲ್ಲಗೆ ಕೆಸರಿಗಿಳಿದು ಕುಕ್ಕರುಗಾಲಲ್ಲಿ ಕೂತಳು. ಹಕ್ಕಿ ಓಡಲು ಹೋಗಿ ಮುಗ್ಗರಿಸಿ ಬಿತ್ತು. ಅದರ ಹಿಂದೆ ಸಣ್ಣದೊಂದು ಎಳೆ ತೆವಳುತ್ತಿತ್ತು.

"ಮಾಮ, ರಿಂಗಿಗೆ ಬಾಲ ಇರುತ್ತಾ?"

ಮಾಮ ಬಗ್ಗಿ ನೋಡಿದ. ಬುಟ್ಟಿ ಕೆಳಗಿಟ್ಟು ಹೆಗಲ ಟವೆಲನ್ನು ಹಕ್ಕಿಯ ಮೇಲೆ ಹಾಕಿ ಹಿಡಿದು ಮೆಟ್ಟಿಲ ಬಳಿ ತಂದ. ಕತ್ತಲಾದೊಡನೆ ಹಕ್ಕಿ ಸುಮ್ಮನಾಯಿತು.

"ದಾರ ಎಳೀಬೇಡಿ, ಕಾಲು ಕಿತ್ತು ಬಂದೀತು. ನೇಲ್ ಕಟರ್ ತಾರೇ," ಎಂದಳು ಅಜ್ಜಿ.

ಚೂಟಿ ಓಡಿಹೋಗಿ ತಂದಳು. ಟವೆಲಿನಿಂದ ಹೊರಗೆ ಚಾಚಿದ್ದ ಕಾಲುಗಳು ಬೆಂಕಿಕಡ್ಡಿಯಷ್ಟು ಸಣ್ಣಗಿದ್ದವು. ಎರಡಕ್ಕೂ ನೀಲಿ ದಾರ ಬಿಗಿಯಾಗಿ ಸುತ್ತಿಕೊಂಡಿತ್ತು. ಮಧ್ಯದಲ್ಲಿ ಒಂದು ದಪ್ಪ ಗಂಟು. ಎರಡು ಸುತ್ತು ಜಾಸ್ತಿ.

"ಅಜ್ಜಿ, ಇದು ನಂದು."

ಹಿಂದೆಂದೋ, ಬಿಚ್ಚಿಕೊಳ್ಳಬಾರದೆಂದು ಹಾಕಿದ ಗಂಟು. ಬಿಚ್ಚಿಕೊಂಡಿರಲಿಲ್ಲ.

ಅಜ್ಜಿ ನೇಲ್ ಕಟರ್ ಕೈಗೆತ್ತಿಕೊಂಡಳು. "ಕಟ್ಟಿದ್ದು ನೀನು. ಎಸೆದಿದ್ದು ನಾನಲ್ವಾ," ಎಂದು ತಲೆ ತಗ್ಗಿಸಿದಳು. ಕಟ್, ಕಟ್. ಒಂದೊಂದೇ ಎಳೆ ಬಿಡಿಸಿದಳು. ಒಂದು ಬೆರಳು ಕಪ್ಪಗಾಗಿತ್ತು.

"ಈ ಬೆರಳು ಉಳಿಯಲ್ಲ. ಕಾಲು ಉಳಿಯುತ್ತೆ."

ಟವೆಲ್ ಬಿಚ್ಚಿದಾಗ ಹಕ್ಕಿ ತಡವರಿಸಿ ನಿಂತಿತು. ಒಂದು ಹೆಜ್ಜೆ. ಇನ್ನೊಂದು. ಆಮೇಲೆ ಟಪಟಪ ಓಡಿ ಕೆಸರಿಗೆ ಕೊಕ್ಕು ಚುಚ್ಚಿತು.

"ಸಾರಿ," ಎಂದಳು ಚೂಟಿ. ಹಕ್ಕಿಗೆ ಕೇಳುವಷ್ಟು ಪುರುಸೊತ್ತಿರಲಿಲ್ಲ. ಅದಕ್ಕೆ ತುಂಬಾ ಹಸಿವಾಗಿತ್ತು.

"ನನ್ನ ಟವೆಲ್ ತುಂಬಾ ಹಿಕ್ಕೆ ಹಾಕಿದೆ ನೋಡಿ!" ಎಂದು ಮಾಮ ಗೊಣಗಿದ. ಅಜ್ಜಿಗೆ ನಗು ತಡೆಯಲಾಗಲಿಲ್ಲ.

ಬಲೆಯನ್ನು ಬದಿಗಿಟ್ಟು ಅಜ್ಜಿಯೂ ಕೆಸರಿಗಿಳಿದಳು. ನೀರು ಏರುವ ಮುಂಚೆ ಇಬ್ಬರೂ ನೀಲಿ ತುಂಡುಗಳನ್ನು ಹೆಕ್ಕತೊಡಗಿದರು. ಚೂಟಿ ಕೆಸರೊಳಗಿಂದ ಉದ್ದನೆಯ ಎಳೆಯೊಂದನ್ನು ಎಳೆದಳು. ಅದು ಹಸಿರು.

"ಅದು ನಮ್ಮನೇದಲ್ಲ ಕಣೇ," ಎಂದಳು ಅಜ್ಜಿ.

ಚೂಟಿ ಅದನ್ನು ಬೆರಳಿಗೆ ಸುತ್ತಿ ನೋಡಿದಳು. ಬಿಗಿಯಾಗಿಯೇ ಇತ್ತು. ಬಿಡಿಸಿ ಜೇಬಿಗೆ ಹಾಕಿಕೊಂಡು, ಮುಂದಿನದಕ್ಕೆ ಬಗ್ಗಿದಳು.